ಕೆಂಪಣ್ಣ ಬಿಚ್ಚಿಕೊಟ್ಟ ಪಂಪು

ನಾನು ಮಾಗಡಿ ಕಡೆ ದನದ ಡಾಕ್ಟರಾಗಿದ್ದಾಗ ನನ್ನ ಹಳೇ ಅಂಬಾಸಿಡರ್‌ಗೇ ಒಂದು ಕಾಯಿಲೆಯಿತ್ತು. ಪೆಟ್ರೋಲನ್ನು ಎಂಜಿನ್‌ಗೆ ಎತ್ತಿಕೊಡುವ ಪಂಪು ಪದೇಪದೇ ಕೈಕೊಡುತ್ತಿತ್ತು. ರಾಮನಗರದಲ್ಲಿ ಎರಡು ಸಲ ಹೊಸದು ಹಾಕಿಸಿದೆ. ಎರಡೂ ಒಂದು ತಿಂಗಳು ಬಾಳಲಿಲ್ಲ.

ಒಂದು ಬೆಳಿಗ್ಗೆ ಕರು ಹಾಕಲಾರದೆ ಒದ್ದಾಡುತ್ತಿದ್ದ ಹಸುವನ್ನು ನೋಡಲು ಹೊರಟಿದ್ದೆ. ತಿಪ್ಪಸಂದ್ರದ ಹತ್ತಿರ ಕಾರು ನಿಂತೇಬಿಟ್ಟಿತು. ಪಕ್ಕದ ತೋಟದ ಮನೆಯಿಂದ ಕೆಂಪಣ್ಣ ಎಂಬ ರೈತರು ಬಂದು ಬಾನೆಟ್ ಒಳಗೆ ಇಣುಕಿದರು. ಅವರ ಕೊಟ್ಟಿಗೆಯಲ್ಲೂ ಅಂಥದ್ದೇ ಕಾರು ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

“ಆ ಕಾರಿನ ಪಂಪು ಕೊಡ್ತೀರಾ?” ಎಂದೆ, ಹಸುವಿನ ಪಾಡು ಹೇಳಿ, ನಾಚಿಕೆ ಬಿಟ್ಟು.

ಕೆಂಪಣ್ಣನವರ ಮುಖ ಸಪ್ಪಗಾಯಿತು. “ಕಾರ್ ಜೊತೇಲೇ ಬಂದದ್ದು ಸಾ. ಇಂಥ ಮಾಲು ಈಗ ಸಿಗಾಕಿಲ್ಲ. ಒಂದಿನ ರೆಡಿ ಮಾಡಿಸ್ತೀನಿ ಅಂತ ಮಡಗಿವ್ನಿ.”

“ಕೋಳಿ ಮಲಗೋ ಕಾರಿಗೆ ಪಂಪ್ಯಾಕೆ? ಅಲ್ಲಿ ಹಸ ಸಾಯ್ತಾ ಐತೆ, ಬಿಚ್ಕೊಡಿ,” ಎಂದರು ಹಿಂದೆಯೇ ಬಂದಿದ್ದ ಅವರ ಹೆಂಡತಿ.

ಕೆಂಪಣ್ಣ ಸ್ಪ್ಯಾನರ್ ತಂದರು. ಬಿಚ್ಚಿದ ಪಂಪನ್ನು ಪಂಚೆಯ ತುದಿಯಿಂದ ಒರೆಸಿ, ತಾವೇ ನನ್ನ ಕಾರಿಗೆ ಕೂರಿಸಿದರು. ದುಡ್ಡು ಕೊಡಹೋದರೆ, “ನಾನು ಮಾರಿಲ್ಲ ಸಾ. ನಿಮ್ತಾವ ಇರ್ಲಿ,” ಎಂದರು.

ಹಸುವೂ ಕರುವೂ ಉಳಿದವು. ಪಂಪು ಆಮೇಲೆ ವರ್ಷಗಟ್ಟಲೆ ಒಮ್ಮೆಯೂ ಕೆಡಲಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ಕೆಂಪಣ್ಣ ಕೈ ಅಡ್ಡ ಹಾಕಿ ಕಾರು ನಿಲ್ಲಿಸುತ್ತಿದ್ದರು. ಮೊದಲು ಬಾನೆಟ್ ಎತ್ತಿಸಿ ಪಂಪನ್ನು ಮುಟ್ಟಿ ನೋಡುತ್ತಿದ್ದರು. ನಾನು ಚೆನ್ನಾಗಿದ್ದೇನಾ ಎಂದು ಕೇಳುತ್ತಿದ್ದುದು ಅದಾದ ಮೇಲೆಯೇ.