ಮಾಳವ್ವ ಮೂಲೆಗೆ ಹೋಗಬೇಕೆ?

ಬದಲಾವಣೆ ಒಳ್ಳೆಯದು, ಅದರಲ್ಲೂ ಬೇರೆಯವರಿಗೆ ಬಹಳ ಒಳ್ಳೆಯದು ಎಂದು ನಂಬಿರುವ ಜನರಲ್ಲಿ ನಾನೂ ಒಬ್ಬ. ಇಳಕಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ಒಮ್ಮೆ ಸುಣ್ಣಬಣ್ಣದ ನೆಪದಲ್ಲಿ ಸ್ಟಾಫ್ ರೂಮಿನ ನನ್ನ ಕುರ್ಚಿಯನ್ನು ಕಿಟಕಿಯ ಬದಿಯಿಂದ ಕಪಾಟಿನ ಬದಿಗೆ ಸರಿಸಿದರು. ಮೂರು ದಿನ ನನಗೆ ಚಹಾ ರುಚಿಸಲಿಲ್ಲ. ನಾಲ್ಕನೆಯ ದಿನ ಯಾರೂ ಇಲ್ಲದಾಗ ನಾನೇ ಅದನ್ನು ಎಳೆದು ಮೊದಲಿನ ಜಾಗಕ್ಕೆ ತಂದೆ. ಅಂಥ ನನ್ನನ್ನು, ಮೂವತ್ತು ವರ್ಷದ ಹೆಣ್ಣುಮಗಳೊಬ್ಬಳ ಹತ್ತಿರ ಹೋಗಿ, ಹನ್ನೆರಡು ವರ್ಷದಿಂದ ಆಡುತ್ತಿರುವ ಜಾಗವನ್ನು ಬಿಟ್ಟುಕೊಡು ಎಂದು ಹೇಳಲು ಕಳಿಸಿದರು. ಹೋದೆನಲ್ಲ, ಅದೇ ಆಶ್ಚರ್ಯ.

ಆ ಹೆಣ್ಣುಮಗಳು ಮಾಳವ್ವ. ಹುನಗುಂದ ತಾಲೂಕಿನ ಮರೋಳದವಳು. ಮನೆಯಲ್ಲಿ ಬೀರಪ್ಪನ ಪೂಜೆ, ಕೊಟ್ಟಿಗೆಯಲ್ಲಿ ಕುರಿ, ಮೈಮೇಲೆ ಕಂಡಕ್ಟರಿನ ಖಾಕಿ. ವಾರವೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಾಳೆ, ಆದಿತ್ಯವಾರ ನಮ್ಮ ಊರಿನ ಮಹಿಳಾ ತಂಡಕ್ಕೆ ಕಬಡ್ಡಿ ಆಡುತ್ತಾಳೆ. ಆಡುತ್ತಾಳೆ ಎಂದರೆ ಸಾಲದು. ಅವಳು ನಮ್ಮ ರೈಡರ್. ಉಸಿರು ಬಿಗಿಹಿಡಿದು, ಗೆರೆ ದಾಟಿ, ಎದುರಿನ ಏಳು ಜನರ ನಡುವೆ ಒಬ್ಬಳೇ ನುಗ್ಗಿ, ಮುಟ್ಟಿ ಮರಳಿ ಬರುವವಳು. ಬಾಗಲಕೋಟೆಯಿಂದ ಕೆರೂರಿನವರೆಗೆ ಎಲ್ಲಿ ಪಂದ್ಯ ನಡೆದರೂ ಜನ ಕೇಳುವುದು ಒಂದೇ ಪ್ರಶ್ನೆ: "ಮಾಳವ್ವ ಬಂದಾಳೇನ್ರಿ?"

ನಾನು ಆ ತಂಡದ ಕಾರ್ಯದರ್ಶಿ. ಅರ್ಜಿ ಬರೆಯಲು ಅಕ್ಷರ ಬಲ್ಲವನೊಬ್ಬ ಬೇಕಾಗಿತ್ತು ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣವಿಲ್ಲ. ಚಿಕ್ಕಂದಿನಲ್ಲಿ ನಾನೂ ಕಬಡ್ಡಿ ಆಡಿದ್ದೇನೆ. ನನ್ನನ್ನು ಹಿಡಿಯಲು ಯಾರೂ ಕಷ್ಟಪಡಬೇಕಾಗಿರಲಿಲ್ಲ, ನಾನೇ ಹೋಗಿ ಸಿಗುತ್ತಿದ್ದೆ.

ಕಳೆದ ವರ್ಷ ಕೆರೂರಿನ ಪಂದ್ಯದಲ್ಲಿ ಮಾಳವ್ವನ ಬಲಮೊಣಕಾಲು ತಿರುಚಿಕೊಂಡಿತು. ಬಾಗಲಕೋಟೆಯ ಡಾಕ್ಟರು ನಾಲ್ಕು ತಿಂಗಳು ಕೂರಿಸಿ, ಆಮೇಲೆ ಆಡಲು ಬಿಟ್ಟರು. ಜಿಗಿದು ಗರಕ್ಕನೆ ತಿರುಗುವುದನ್ನು ಮಾತ್ರ ಕಡಿಮೆ ಮಾಡು ಎಂದರು. ರೈಡರಿಗೆ ಹಾಗೆ ಹೇಳುವುದೆಂದರೆ ಕನ್ನಡ ಮಾಸ್ತರನಿಗೆ ಮಾತು ಕಡಿಮೆ ಮಾಡು ಎಂದ ಹಾಗೆ. ಅವಳು ಮತ್ತೆ ಆಡಿದಳು, ಅಂಕವನ್ನೂ ತಂದಳು. ಆದರೆ ಪ್ರತಿ ಪಂದ್ಯದ ಕೊನೆಗೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಗೋಡೆ ಹಿಡಿದು ನಡೆಯುತ್ತಿದ್ದಳು.

ಅದನ್ನು ಹುಸೇನಸಾಬರು ನೋಡುತ್ತಿದ್ದರು. ಅವರು ತಂಡದ ಕೋಚು, ಗುಳೇದಗುಡ್ಡದ ನೇಕಾರರು. ಮನೆಯ ಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತಾರೆ. ದಿನವಿಡೀ ಪಾದದಿಂದ ಮಗ್ಗ ತುಳಿದು ತುಳಿದು ಅವರಿಗೆ ಮನುಷ್ಯರ ಮುಖಕ್ಕಿಂತ ಕಾಲುಗಳೇ ಹೆಚ್ಚು ಪರಿಚಯ ಎಂದು ನನಗೆ ಅನ್ನಿಸುತ್ತದೆ. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

"ಮಾಸ್ತರ್ರ, ಮಾಳವ್ವನ್ನ ಕಾರ್ನರಿಗೆ ನಿಂದ್ರಸೂಣ್ರಿ. ಎದುರಿನಾಕಿ ಯಾವ ಕಾಲ ಎತ್ತತಾಳ ಅಂತ ಆಕೀಗೆ ಮೊದಲಽ ತಿಳೀತೈತಿ. ಹಿಡಿದ್ಲಂದ್ರ ಬಿಡಂಗಿಲ್ಲ. ಇನ್ನೂ ಐದು ವರ್ಷ ಆಡ್ತಾಳ. ರೈಡಿಗೆ ಸುಜಾತಾ ಅದಾಳಲ್ರಿ."

ಸುಜಾತಾ ಹತ್ತೊಂಬತ್ತರ ಹುಡುಗಿ, ಕಾಲೇಜಿನವಳು, ಮಿಂಚಿನ ಹಾಗೆ ಓಡುತ್ತಾಳೆ. ಮಾಳವ್ವ ಇದ್ದಾಗ ಅವಳಿಗೆ ರೈಡು ಸಿಗುತ್ತಿದ್ದದ್ದು ಅಪರೂಪ.

"ಹಂಗಾರ ನೀವಽ ಹೇಳ್ರಿ," ಎಂದೆ.

"ನನ್ನ ಕೈಲೆ ಆಗೂದಿಲ್ರಿ. ಆಕೀನ್ನ ರೈಡಿಗೆ ಕಳಿಸಿದಾಂವಽ ನಾ. ನೀವು ಮಾತಿನವ್ರು."

ಮಾತಿನವನು ಎನ್ನಿಸಿಕೊಂಡವನಿಗೆ ಹಿಂದೆ ಸರಿಯುವುದು ಕಷ್ಟ. ಆ ರಾತ್ರಿ ಊಟಕ್ಕೆ ಕೂತಾಗ ಭಾಷಣ ಸಿದ್ಧಪಡಿಸಿದೆ. ಕಾರ್ನರ್ ಎಂಬ ಮಾತಿಗೆ ಕನ್ನಡ ಹುಡುಕಹೋಗಿ ಮೊದಲ ಹೆಜ್ಜೆಯಲ್ಲೇ ಎಡವಿದೆ. ಆಟದಲ್ಲಿ ಅದು ಸಾಲಿನ ತುದಿಗೆ ನಿಂತು, ನುಗ್ಗಿ ಬಂದವಳ ಕಾಲು ಹಿಡಿಯುವ ಜಾಗ; ಕನ್ನಡದಲ್ಲಿ ಮಾತ್ರ ಕಾರ್ನರ್ ಎಂದರೆ ಮೂಲೆ. ನಮ್ಮ ಭಾಷೆ ಮೂಲೆಗೆ ಮಾಡಿದಷ್ಟು ಅನ್ಯಾಯವನ್ನು ಮನೆಯ ಬೇರೆ ಯಾವ ಭಾಗಕ್ಕೂ ಮಾಡಿಲ್ಲ. ಕಸಬರಿಗೆ ಇಡುವುದು ಮೂಲೆಗೆ. ಜಗಳವಾಡಿದ ಮಗು ಮುಖ ಉಬ್ಬಿಸಿ ಕೂರುವುದು ಮೂಲೆಯಲ್ಲಿ. ಬೇಡವಾದವನನ್ನು ಮೂಲೆಗುಂಪು ಮಾಡುತ್ತೇವೆ. ಮೂಲೆಯಲ್ಲಿ ನಿಂತು ಗೆದ್ದವರ ಬಗ್ಗೆ ಒಂದು ಒಳ್ಳೆಯ ಮಾತಿದೆಯೇ ಎಂದು ತಲೆ ಕೆರೆದುಕೊಂಡೆ, ಸಿಗಲಿಲ್ಲ. ಕೊನೆಗೆ ನಮ್ಮ ಜಿಲ್ಲೆಯ ಇತಿಹಾಸ ಕೈಹಿಡಿಯಿತು. ಬಾದಾಮಿಯಲ್ಲಿ ಕೂತು ಆಳಿದ ಚಾಲುಕ್ಯ ದೊರೆ ಎಷ್ಟೋ ಕಡೆ ದಂಡೆತ್ತಿ ಹೋದ. ಆದರೆ ಇವತ್ತಿಗೂ ನಾವು ಮಕ್ಕಳಿಗೆ ಕಲಿಸುವುದು ಅವನು ಉತ್ತರದ ದೊಡ್ಡ ಚಕ್ರವರ್ತಿಯನ್ನು ನರ್ಮದೆಯ ದಂಡೆಯ ಮೇಲೆ ತಡೆದ ಸಂಗತಿಯನ್ನು. ಅಂದರೆ ಅವನ ಕೀರ್ತಿ ನಿಂತಿರುವುದು ಹಿಡಿದು ನಿಲ್ಲಿಸಿದ್ದರ ಮೇಲೆ! ಇಷ್ಟು ಹೊಳೆದದ್ದೇ ನನಗೆ ಒಂದು ರೊಟ್ಟಿ ಹೆಚ್ಚು ಸೇರಿತು.

ಮರುದಿನ ಅವಳ ಬಸ್ಸನ್ನೇ ಹತ್ತಿದೆ. ಬೇರೆಲ್ಲಿ ಹಿಡಿಯಲಿ? ಹುನಗುಂದದ ಟಿಕೆಟ್ ತೆಗೆಸಿ ಅವಳ ಸೀಟಿನ ಪಕ್ಕ ಕೂತೆ. ಅವಳು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಓಡಾಡುತ್ತಿದ್ದಳು. ನಾನು ಭಾಷಣವನ್ನು ತುಂಡು ತುಂಡಾಗಿ ಒಪ್ಪಿಸುತ್ತಿದ್ದೆ. ದೊರೆಯ ಮಾತು ಬರುವ ಹೊತ್ತಿಗೆ ನಾಲ್ಕು ಸೀಟಿನವರು ಕಿವಿಗೊಟ್ಟಿದ್ದರು.

ಮಾಳವ್ವ ಪೂರ್ತಿ ಕೇಳಿ, "ಆ ರಾಜಾಗ ಮಣಕಾಲ ನೋವು ಇತ್ತೇನ್ರಿ ಸರ್?" ಎಂದಳು.

ಬಸ್ಸು ನಕ್ಕಿತು. ಅವಳು ನಗಲಿಲ್ಲ. ಹುನಗುಂದದಲ್ಲಿ ಜನ ಇಳಿದ ಮೇಲೆ ನನ್ನೆದುರಿಗೆ ಕಂಬ ಹಿಡಿದು ನಿಂತಳು.

"ಅಂದ್ರ ನಾ ಮುಗದೆ ಅಂತ ಆತಲ್ರಿ."

"ಹಂಗಲ್ಲ ಮಾಳವ್ವಾ..."

"ಮತ್ತ ಹೆಂಗ್ರಿ? ಸರ್, ಮನ್ಯಾಗ ನಾಕ ಮಂದಿ ಹೇಳಿದ್ದ ಕೇಳ್ತೇನಿ. ಇಲ್ಲೆ ಅರವತ್ತ ಮಂದಿ ಹೇಳಿದ್ದ ಕೇಳ್ತೇನಿ. ಆ ಗೆರಿ ದಾಟಿದ ಮ್ಯಾಲೆ ಮಾತ್ರ ನನಗ ಯಾರೂ ಹಂಗ ಮಾಡು ಹಿಂಗ ಮಾಡು ಅನ್ನಂಗಿಲ್ಲ. ಅರ್ಧಾ ಮಿನಿಟು. ಅಷ್ಟಽ ನಂದು. ಅದನ್ನೂ ಕೊಡು ಅಂತೀರಿ."

ನನ್ನ ಹತ್ತಿರ ದೊರೆಗಳು ಮುಗಿದಿದ್ದರು. ಇಳಿದು ಇನ್ನೊಂದು ಬಸ್ಸಿಗೆ ಇಳಕಲ್ಲಿಗೆ ಮರಳಿದೆ.

ಆ ಆದಿತ್ಯವಾರ ಅವಳು ಅಭ್ಯಾಸಕ್ಕೆ ಬರಲಿಲ್ಲ. ಮುಂದಿನ ಆದಿತ್ಯವಾರವೂ ಬರಲಿಲ್ಲ. ಊರಿನಲ್ಲಿ ಎರಡು ಪಕ್ಷಗಳಾದವು. ಚಹಾದಂಗಡಿಯಲ್ಲಿ ಒಬ್ಬರು, "ಹುಲಿನ್ನ ಬಾಗಲಾ ಕಾಯಾಕ ಹಚ್ಚಾಕತ್ತಾರ" ಎಂದರೆ, ಇನ್ನೊಬ್ಬರು, "ಸುಜಾತಾ ಎಷ್ಟ ದಿನ ಕುಂತ ನೋಡಬೇಕು?" ಎಂದರು. ಕಬಡ್ಡಿಯನ್ನು ಒಮ್ಮೆಯೂ ನೋಡದ ನನ್ನ ಹೆಂಡತಿ ಮಾತ್ರ, "ಆಕೀ ಕಾಲು, ಆಕೀನ್ನ ಕೇಳ್ರಿ" ಎಂದಳು. ನಾವೆಲ್ಲ ಮಾಳವ್ವನಿಗೆ ಹೇಳಿದ್ದೆವೇ ಹೊರತು, ಕೇಳಿರಲಿಲ್ಲ ಎಂಬುದು ಆಗ ತಲೆಗೆ ಬಂತು. ನಾಚಿಕೆಯಾಯಿತು.

ಹುಸೇನಸಾಬರೂ ನಾನೂ ಮರೋಳಕ್ಕೆ ಹೋದೆವು. ಮಾಳವ್ವ ಡ್ಯೂಟಿಗೆ ಹೋಗಿದ್ದಳು. ಅವಳ ತಂದೆ ನಿಂಗಪ್ಪ ಕಂಬಳಿ ಹಾಸಿ ಕೂರಿಸಿದರು. ಏತ ನೀರಾವರಿಯ ನೀರು ಬಂದ ಮೇಲೆ ಸುತ್ತಲಿನ ಬೀಳು ಹೊಲಗಳೆಲ್ಲ ಬೆಳೆ ಕಂಡಿದ್ದವು. ಕುರಿಗೆ ಮೇವಿನ ಜಾಗ ಕಡಿಮೆಯಾಗಿ ಅವರೂ ಹಿಂಡನ್ನು ಸಣ್ಣದು ಮಾಡಿಕೊಂಡು ಎರಡು ಎಕರೆಯಲ್ಲಿ ಮೆಣಸಿನಕಾಯಿ ಹಾಕಿದ್ದರು.

ವಿಷಯವನ್ನೆಲ್ಲ ಅವರು ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಹಿಂಡ ಹೊಡಕೊಂಡ ಹೋಗುವಾಗ ಒಬ್ಬಾಂವ ಮುಂದ ಇರ್ತಾನ, ಒಬ್ಬಾಂವ ಹಿಂದ. ಸಣ್ಣಾಂವ ಇದ್ದಾಗ ನಂಗೂ ಮುಂದಽ ಇರಬೇಕ ಅನಸ್ತಿತ್ರಿ. ಅಪ್ಪ ಹಿಂದ ಹಾಕಿದಾಗ ಅತ್ತೀನಿ. ಹಿಂದ ನಿಂತ ಮ್ಯಾಲೆ ಯಾವ ಕುರಿ ಕುಂಟತೈತಿ ಅಂತ ಕಂಡತು. ಆದ್ರ ಮಾಸ್ತರ್ರ, ಇದನ್ನ ನಾ ಆಕೀಗೆ ಹೇಳಂಗಿಲ್ಲ. ನನಗ ಅಪ್ಪ ಹೇಳಿದ್ದರ ನಾ ಕೇಳ್ತಿದ್ದಿಲ್ಲ."

ಎಷ್ಟು ವಿವೇಕದ ಮಾತು, ಮತ್ತು ನಮ್ಮ ಕೆಲಸಕ್ಕೆ ಎಷ್ಟು ನಿರುಪಯೋಗಿ! ಮಜ್ಜಿಗೆ ಕುಡಿದು ಎದ್ದು ಬಂದೆವು.

ಮೂರನೆಯ ಆದಿತ್ಯವಾರ ಮಾಳವ್ವ ತಾನಾಗಿಯೇ ಮೈದಾನಕ್ಕೆ ಬಂದಳು. ಯಾರು ಏನು ಹೇಳಿದರೋ, ಮೊಣಕಾಲೇ ಏನು ಹೇಳಿತೋ, ನಾವು ಕೇಳಲಿಲ್ಲ.

"ಹುಸೇನಕಾಕಾ, ಬಾದಾಮಿ ಪಂದ್ಯಾ ಒಂದು ಕಾರ್ನರಿಗೆ ನಿಂದ್ರತೇನಿ. ನಂಗ ಸೇರಲಿಲ್ಲಂದ್ರ ನನ್ನ ಜಾಗಾ ನನಗ ವಾಪಸ್ ಕೊಡಬೇಕು."

"ಕೊಟ್ಟೆ, ಮಗಳಽ," ಎಂದರು ಅವರು.

ಬಾದಾಮಿಯ ಕೆಂಪು ಗುಡ್ಡಗಳ ಕೆಳಗೆ, ಕಾಲೇಜಿನ ಮೈದಾನದಲ್ಲಿ, ಬೆಳಗ್ಗೆ ಹತ್ತಕ್ಕೆ ಪಂದ್ಯ. ಎದುರಿಗೆ ಬಾಗಲಕೋಟೆಯ ತಂಡ. ಮೊದಲರ್ಧ ನೋಡುವ ಹಾಗಿರಲಿಲ್ಲ. ರೈಡರಿಗೆ ಮುಂದೆ ನುಗ್ಗುವುದೇ ಅಭ್ಯಾಸ. ಎದುರಿನವಳು ಹತ್ತಿರ ಬರುವವರೆಗೆ ಕಾಯಬೇಕಾದ ಮಾಳವ್ವ, ದೂರದಿಂದಲೇ ಹಾರಿ ಬೀಳುತ್ತಿದ್ದಳು. ಮೂರು ಸಲ ಹಾರಿದಳು, ಮೂರು ಸಲ ಬರಿಗೈಲಿ ಔಟಾಗಿ ಹೊರಗೆ ಕೂತಳು. ಇತ್ತ ಸುಜಾತಾ ಎರಡು ಸಲ ಸಿಕ್ಕಿಬಿದ್ದಳು. ಆರು ಅಂಕ ಹಿಂದೆ ಬಿದ್ದೆವು. ಜನ ಕೂಗತೊಡಗಿದರು: "ಮಾಳವ್ವನ್ನ ರೈಡಿಗೆ ಬಿಡ್ರಿ! ಮಾಳವ್ವನ್ನ ಬಿಡ್ರಿ!"

ಒಪ್ಪಿಕೊಳ್ಳುತ್ತೇನೆ, ಆ ಕೂಗಿನಲ್ಲಿ ನನ್ನ ದನಿಯೂ ಇತ್ತು. ಬಸ್ಸಿನಲ್ಲಿ ದೊರೆಯನ್ನೆಲ್ಲ ಎಳೆತಂದು ವಾದಿಸಿದ್ದ ನಾನು, ಆರು ಅಂಕಕ್ಕೆ ಪಕ್ಷ ಬದಲಿಸಿದ್ದೆ.

ಅರ್ಧವಿರಾಮದಲ್ಲಿ ಹುಸೇನಸಾಬರು ಬೆವರು ಒರೆಸಿಕೊಂಡು, "ಹೋಗ್ತಿಯೇನವಾ ರೈಡಿಗೆ?" ಎಂದು ಮೆಲ್ಲಗೆ ಕೇಳಿದರು. ಅವಳು ನೀರು ಮುಕ್ಕಳಿಸಿ ಉಗುಳಿದಳು.

"ತಡೀರಿ ಕಾಕಾ. ಆ ಉದ್ದನಾಕಿ ಎಡಕ್ಕ ನೋಡಿ ಬಲಕ್ಕ ಬರ್ತಾಳ. ಖರೆ ಅಂದ್ರ, ನಾನೂ ಹಂಗಽ ಮಾಡ್ತಿದ್ದೆ. ನಾ ಮಾಡೂದನ್ನ ನಾ ಎಂದೂ ನೋಡಿದ್ದಿಲ್ಲ. ಈಗ ಕಾಣಾಕತ್ತೈತಿ."

ಇಲ್ಲಿ ಕಬಡ್ಡಿ ತಿಳಿಯದವರಿಗೆ ಒಂದು ಮಾತು. ಎದುರಿನವಳು ನುಗ್ಗಿ ಬಂದಾಗ ಹಿಡಿಯುವವರು ಜೋಡಿ ಜೋಡಿಯಾಗಿ ಕೈ ಹಿಡಿದು ನಿಲ್ಲುತ್ತಾರೆ. ನಡುವೆ ನಿಲ್ಲುವವರೊಬ್ಬರು ಮಾತ್ರ ಒಂಟಿ. ಹನ್ನೆರಡು ವರ್ಷ ಆ ಒಂಟಿ ಜಾಗ ಮಾಳವ್ವನದೇ ಆಗಿತ್ತು. ಮುಂದಿನ ರೈಡಿಗೆ ಬೇಕಾದವಳು ಔಟಾಗಬಾರದೆಂದು ಅವಳನ್ನು ಹಿಂದೆ ಸರಿಸಿ ಕಾಪಾಡುತ್ತಿದ್ದರು. ಹೊಸ ರೈಡರ್ ಸುಜಾತಳನ್ನು ಹುಸೇನಸಾಬರು ಹಾಗೆ ಒಂಟಿಯಾಗಿ ನಿಲ್ಲಿಸಲಿಲ್ಲ; ಕಾರ್ನರಿಗೆ ಬಂದ ಮಾಳವ್ವನ ಕೈಗೆ ಜೋಡಿಯಾಗಿ ಸಿಕ್ಕದ್ದು ಅವಳ ಕೈ.

ದ್ವಿತೀಯಾರ್ಧದಲ್ಲಿ ಆ ಉದ್ದನೆಯ ಹುಡುಗಿ ಎಡಕ್ಕೆ ನೋಡಿದಳು. ಮಾಳವ್ವ ಅಲುಗಲಿಲ್ಲ. ಆ ಹುಡುಗಿ ಬಲಕ್ಕೆ ಹೊರಳಿ ಕಾಲು ಚಾಚಿದ್ದೇ ತಡ, ಆ ಕಾಲು ಮಾಳವ್ವನ ಎರಡೂ ಕೈಯೊಳಗಿತ್ತು. ಹುಡುಗಿ ಗೆರೆಯ ಕಡೆಗೆ ಎಳೆದಳು. ಮಾಳವ್ವ ನೆಲಕ್ಕೆ ಎದೆಯೂರಿ ಬಿದ್ದಿದ್ದಳು, ಬಿಡಲಿಲ್ಲ. ಸುಜಾತಾ ಮೇಲೆ ಬಿದ್ದಳು, ಆಮೇಲೆ ಉಳಿದವರೂ ಬಿದ್ದರು. ರೆಫರಿ ಸೀಟಿ ಊದಿದರು. ಅದೇ ಹುಡುಗಿಯನ್ನು ಇನ್ನೂ ಎರಡು ಸಲ ಹಿಡಿದರು. ಸುಜಾತಳಿಗೂ ಧೈರ್ಯ ಬಂದಿತ್ತು. ಒಂದು ರೈಡಿನಲ್ಲಿ ಇಬ್ಬರನ್ನು ಮುಟ್ಟಿ, ಗೆರೆಯ ಮೇಲೆ ಉರುಳಿ ಬಂದಳು. ಒಂದು ಗಳಿಗೆ ಸಮವೂ ಆದೆವು.

ಕೊನೆಗೆ ಎರಡು ಅಂಕದಿಂದ ಸೋತೆವು.

ಗೆದ್ದಿದ್ದರೆ ಈ ಪ್ರಬಂಧ ಬರೆಯುವುದು ಸುಲಭವಾಗುತ್ತಿತ್ತು. ಕೋಚು ಹೇಳಿದ್ದು ಸರಿ, ಮಾಸ್ತರು ಹೇಳಿದ್ದು ಸರಿ, ದೊರೆಯೂ ಸರಿ ಎಂದು ಮುಗಿಸಬಹುದಿತ್ತು. ಮರಳುವಾಗ ಎಲ್ಲರೂ ಒಂದೇ ಗಾಡಿಯಲ್ಲಿ ಕೂತೆವು. ಗುಳೇದಗುಡ್ಡದ ದಾರಿಯಲ್ಲಿ ಸುಜಾತಾ ಅಳುತ್ತಳುತ್ತಲೇ ನಿದ್ದೆ ಹೋಗಿ ಮಾಳವ್ವನ ಹೆಗಲಿಗೆ ತಲೆಯಿಟ್ಟಿದ್ದಳು. ಹುಸೇನಸಾಬರ ಊರು ಹತ್ತಿರ ಬಂತು. ಇಳಿಯುವ ಮೊದಲು ಅವರು ಕೇಳಲೇಬೇಕಿತ್ತು.

"ಮಾಳವ್ವಾ, ಮಾತ ಕೊಟ್ಟೇನಿ. ನಿನ್ನ ಜಾಗಾ ನಿನಗ. ಏನಂತಿ?"

ಅವಳು ತನ್ನ ತೊಡೆಯ ಮೇಲಿದ್ದ ಸುಜಾತಳ ಕೈಯನ್ನು ನೋಡುತ್ತಿದ್ದಳು.

"ಗೆರಿ ದಾಟಬೇಕ ಅಂತ ಇವತ್ತೂ ಅನಿಸ್ತ್ರಿ ಕಾಕಾ. ನಾಳೆನೂ ಅನಸ್ತೈತಿ. ಅದೇನ ಹೋಗಂಗಿಲ್ಲ." ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಆದ್ರ ಈ ಹುಡಿಗಿ ಕೈ ಭಾಳ ಬೆವರತೈತ್ರಿ. ನಡಗತೈತಿ. ಹನ್ನೆರಡ ವರ್ಷ ಒಬ್ಬಾಕಿನಽ ನಿಂತೇನಿ, ನಂಗ ಗೊತ್ತಽ ಇದ್ದಿಲ್ಲ, ಇವರೆಲ್ಲಾ ಇಷ್ಟ ಅಂಜತಿರ್ತಾರಂತ. ಇರ್ಲಿ. ಕಾರ್ನರಿಗೇ ನಿಂದ್ರತೇನಿ."

ಹುಸೇನಸಾಬರು ಇಳಿದರು. ಅವರ ಕಣ್ಣು ಒದ್ದೆಯಾಗಿತ್ತು. ಗುಳೇದಗುಡ್ಡದ ದೂಳು ಅಂದರು.

ಇದಾಗಿ ಏಳು ತಿಂಗಳಾಯಿತು. ಮಾಳವ್ವ ಈಗಲೂ ಕಾರ್ನರಿನಲ್ಲಿದ್ದಾಳೆ. ಅಪರೂಪಕ್ಕೆ, ಸುಜಾತಾ ಔಟಾಗಿ ಹೊರಗೆ ಕೂತಾಗ, ಒಂದು ರೈಡಿಗೆ ಹೋಗಿ ಬರುತ್ತಾಳೆ. ಆಗ ಜನ ಎದ್ದು ನಿಲ್ಲುತ್ತಾರೆ, ಡಾಕ್ಟರು ಹೇಳಿದ್ದನ್ನು ನಾವು ನೆನಪಿಸುವುದಿಲ್ಲ. ಚಹಾದಂಗಡಿಯ ಪಕ್ಷಗಳು ಇನ್ನೂ ಹಾಗೇ ಇವೆ. ಅವತ್ತು ಬಾದಾಮಿಯಲ್ಲಿ ಮಾಳವ್ವನನ್ನು ರೈಡಿಗೆ ಬಿಟ್ಟಿದ್ದರೆ ಗೆಲ್ಲುತ್ತಿದ್ದೆವು ಎಂದು ಒಬ್ಬರು ಇವತ್ತಿಗೂ ನನ್ನ ತೋಳು ಹಿಡಿದು ಹೇಳುತ್ತಾರೆ. ನಾನು ವಾದಿಸುವುದಿಲ್ಲ. ಹೌದು, ಬಹುಶಃ ಗೆಲ್ಲುತ್ತಿದ್ದೆವು. ಸುಜಾತಳ ಕೈ ನಡುಗುವುದು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ.