ಜೀವದಾನದ ಏಳು ಫೋಟೊಗಳು

ಡಾಕ್ಟರರು ಆ ಮೀನಿಗೆ ಜೀವದಾನ ಮಾಡಿದರೆಂದು ನಮ್ಮ ಕನ್ನಡ ಬಳಗದ ವಾಟ್ಸ್ಯಾಪ್ ಗುಂಪು ನಂಬಲು ಇಷ್ಟಪಡುತ್ತದೆ. ಆ ಮೀನು ಸತ್ತಿತು. ಕೊಂದವರು ಅವರು, ಫೋಟೊ ತೆಗೆದವಳು ನಾನು.

ಮಲೇಷ್ಯಾದ ಪಹಾಂಗ್‌ನ ಆ ನದಿಯಲ್ಲಿರುವುದು ಕೆಲಾ, ನಮ್ಮ ಕಾವೇರಿಯ ಬಿಳಿಮೀನಿನ ಬಂಧು. ಹಳ್ಳಿಯ ಸಮಿತಿಯೊಂದು ಅದನ್ನು ಕಾಯುತ್ತದೆ. ಹಿಡಿಯಬಹುದು, ಬಿಡಲೇಬೇಕು. ಮೀನು ಸತ್ತರೆ ಹಿಡಿದವರು ತಪ್ಪೊಪ್ಪಿ ಸಹಿ ಹಾಕಬೇಕು. ಹಾಕದಿದ್ದರೆ ಜೊತೆಗಿದ್ದ ಮಾರ್ಗದರ್ಶಿಗೆ ಆ ಋತುವಿಡೀ ಕೆಲಸವಿಲ್ಲ. ನಮಗೆ ದಾರಿ ತೋರಿಸಿದವರು ವಯಸ್ಸಾದ ಮಲಾಯ್ ಒಬ್ಬರು. ಎಲ್ಲರೂ ಗೌರವದಿಂದ ಪಾಕ್ ಚಿಕ್, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದರು. ನೀರಿಗಿಳಿಯುವ ಮುನ್ನ ಈ ನಿಯಮವನ್ನು ಅವರು ಎರಡು ಸಲ ಹೇಳಿದ್ದರು.

ಡಾಕ್ಟರರು ಉಡುಪಿಯವರು, ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರು, ಶುದ್ಧ ಸಸ್ಯಾಹಾರಿ. ನ್ಯೂಜಿಲೆಂಡಿನಲ್ಲಿ ಟ್ರೌಟ್ ಹಿಡಿದು ಬಿಡುವುದನ್ನು ಕಲಿತವರು. ಬಾಂಗ್ಸಾರ್‌ನಿಂದ ಹೊರಟಾಗಿನಿಂದಲೂ ಕಾರಿನಲ್ಲಿ ನನ್ನನ್ನು ಕೆಣಕುತ್ತಿದ್ದರು: "ನೀವು ಕುಂದಾಪುರದವರು ಸಿಕ್ಕಿದ್ದನ್ನೆಲ್ಲ ಬಾಣಲೆಗೆ ಹಾಕ್ತೀರಿ ಮಾರಾಯ್ತಿ. ನಮ್ಮದು ಅಹಿಂಸೆ. ಹಿಡಿಯೋದು, ಕೈಮುಗಿಯೋದು, ಬಿಡೋದು." ನಾನು ನಕ್ಕಿದ್ದೆ. ಆ ನಗುವಿಗೂ ನಾನು ಉತ್ತರ ಕೊಡಬೇಕಿದೆ.

ಪಾಕ್ ಚಿಕ್ ಕೊಟ್ಟ ಗಟ್ಟಿ ದಾರವನ್ನು ಬದಿಗಿಟ್ಟು ಅವರು ತಮ್ಮ ಟ್ರೌಟ್‌ನ ತೆಳು ದಾರವನ್ನೇ ಕಟ್ಟಿದರು. ತೆಳು ದಾರದಲ್ಲಿ ದೊಡ್ಡ ಮೀನನ್ನು ಬೇಗ ಎಳೆಯಲಾಗದು. ಅದು ದಣಿದು ಸೋಲುವವರೆಗೆ ಆಡಿಸಬೇಕು. ಅವರಿಗೆ ಬೇಕಾದದ್ದೂ ಅದೇ. ಕೊಕ್ಕೆಗೆ ಗರಿ ಸುತ್ತಿ ಮಾಡಿದ ಹುಸಿ ನೊಣವನ್ನು ಮೀನು ಕಚ್ಚಿತು, ರೀಲ್ ಕಿರುಚಿತು. "ಫೋಟೊ, ಫೋಟೊ!" ಮೊದಲನೆಯದನ್ನು ತೆಗೆದೆ.

"ಸಾಕು ಡಾಕ್ಟರ್, ದಡಕ್ಕೆ ತನ್ನಿ ಲಾ," ಪಾಕ್ ಚಿಕ್ ತಮ್ಮ ಹರಕು ಇಂಗ್ಲಿಷಿನಲ್ಲಿ ಬೇಡಿದರು.

"ಇನ್ನೂ ಫೈಟ್ ಮಾಡ್ತಾ ಉಂಟು, ನೋಡು," ಡಾಕ್ಟರರು ಅಂದದ್ದು ನನಗೆ, ಅವರಿಗಲ್ಲ.

ಕೊನೆಗೆ ಹತ್ತಿರ ಬಂದಾಗ ಮೀನು ಪಕ್ಕಕ್ಕೆ ವಾಲಿತ್ತು. ಪಾಕ್ ಚಿಕ್ ಬಲೆಯನ್ನು ನೀರಿನಲ್ಲೇ ಹಿಡಿದು ಕೊಕ್ಕೆ ಬಿಡಿಸಿದರು. ಮೈಯ ಲೋಳೆಯೇ ಮೀನಿನ ಕವಚ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಡಾಕ್ಟರರು ಜಾರದಿರಲೆಂದು ಕೈಯನ್ನು ಟವೆಲಿನಲ್ಲಿ ಒರೆಸಿಕೊಂಡರು, ಕಿವಿರಿನೊಳಗೆ ಬೆರಳು ಹಾಕಿ ಎತ್ತಿದರು. ಕಾಲೇಜಿನಲ್ಲಿ ಉಸಿರಾಟದ ಪಾಠ ಹೇಳುವ ಮನುಷ್ಯ!

"ಮುಖಕ್ಕೆ ಟೋಪಿ ನೆರಳು ಬಂತಾ? ಇನ್ನೊಂದು ತೆಗಿ."

"ಸರ್, ಮೀನು..."

"ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ. ಇನ್ನೊಂದು."

ಒಟ್ಟು ಏಳು. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು; ನಾನು ಬೆಳಕು ಸರಿಯಿದೆಯೇ ಎಂದು ನೋಡುತ್ತಿದ್ದೆ.

ಅವರು ಅದನ್ನು ನೀರಿಗೆ ಬಿಟ್ಟು, ಕೈಮುಗಿದು, ಚಿತ್ರಾನ್ನದ ಡಬ್ಬಿ ತೆರೆಯಲು ಕಾರಿನತ್ತ ನಡೆದರು. ಪಾಕ್ ಚಿಕ್ ಸೊಂಟಮಟ್ಟದ ನೀರಿನಲ್ಲಿ ನಿಂತು ಮೀನಿನ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದರು, ಕಿವಿರುಗಳ ಮೂಲಕ ನೀರು ಹಾಯಲೆಂದು. ಎರಡು ಸಲ ಅಂಗೈ ಸಡಿಲಿಸಿದರು. ಎರಡು ಸಲವೂ ಅದು ಮಗುಚಿತು. ಮೂರನೆಯ ಸಲ ಈಜಿತು. ನಾನು ಕೂಗಿಯೇಬಿಟ್ಟೆ. ಹತ್ತು ಮಾರು ಕೆಳಗೆ, ಕಲ್ಲೊಂದಕ್ಕೆ ತಾಗಿ ನಿಂತದ್ದು ಅದರ ಬಿಳಿ ಹೊಟ್ಟೆ.

ಪಾಕ್ ಚಿಕ್ ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿದರು. ಸಮಿತಿಯ ಕಾಗದ ತಂದು ಡಾಕ್ಟರರ ಮುಂದಿಟ್ಟವಳು ನಾನು.

"ನನ್ನ ಕೈಯಲ್ಲಿದ್ದಾಗ ಜೀವ ಇತ್ತಲ್ಲ? ಸತ್ತದ್ದು ಅವನ ಕೈಯಲ್ಲಿ. ನಾನು ಎಂತಕ್ಕೆ ಸೈನ್ ಮಾಡ್ಬೇಕು?"

ಅಷ್ಟರಲ್ಲಿ ನನ್ನಿಂದ ತರಿಸಿಕೊಂಡ ಒಂದು ಫೋಟೊವನ್ನು ಅವರು ಗುಂಪಿಗೆ ಹಾಕಿದ್ದರು, ಕೆಳಗೆ ಒಂದೇ ಪದ: ಜೀವದಾನ. ಅದರಡಿ ಕೈಮುಗಿದವರ ಸಾಲು.

ನಮ್ಮ ಮನೆಯಲ್ಲಿ ಮೀನನ್ನು ಕೊಲ್ಲುತ್ತಾರೆ, ತಿನ್ನುತ್ತಾರೆ. ಕೊಂದಿಲ್ಲವೆಂದು ಯಾರೂ ಹೇಳುವುದಿಲ್ಲ. ತಾನು ತಿನ್ನದಿದ್ದರೆ ಸಾಕು, ಹಿಂಸೆ ಇನ್ನೊಬ್ಬರದೆಂಬ ಈ ನಿರಾಳ ನನಗೆ ಅಸಹ್ಯ.

ಪ್ರತಿ ಫೋಟೊಗೂ ಸಮಯದ ಗುರುತಿರುತ್ತದೆ. ಮೊದಲನೆಯದಕ್ಕೂ ಏಳನೆಯದಕ್ಕೂ ನಡುವೆ ನಲವತ್ತೊಂದು ನಿಮಿಷ. ಏಳನ್ನೂ ಸಮಿತಿಗೆ ಕಳಿಸಿದೆ, ಗುಂಪಿಗೂ ಹಾಕಿದೆ. ಎಂಟನೆಯದಾಗಿ ಗೋಣಿಯೊಳಗಿನ ಮೀನು. ಪುಚೊಂಗ್‌ನಲ್ಲಿರುವ ಬಳಗದ ಹಿರಿಯರೊಬ್ಬರು ಬರೆದರು: "ಒಂದು ಮೀನಿಗೆ ಇಷ್ಟು ರಗಳೆಯಾ ತಂಗಿ?" ಡಾಕ್ಟರರು ಫೋನ್ ಮಾಡಿದರು.

"ಡಿಲೀಟ್ ಮಾಡು. ತೆಗೆದವಳು ನೀನೇ ಅಂತ ಎಲ್ಲರಿಗೂ ಗೊತ್ತಾಗ್ತದೆ."

"ಗೊತ್ತಾಗಲಿ ಸರ್. ಕಾಗದದಲ್ಲಿ ಎರಡು ಗೆರೆ ಇವೆ, ಮೇಲಿನದು ಹಿಡಿದವರಿಗೆ, ಕೆಳಗಿನದು ಸಾಕ್ಷಿಗೆ. ಸಾಕ್ಷಿಯ ಗೆರೆಯಲ್ಲಿ ನಾನು ಸಹಿ ಮಾಡಿದ್ದೇನೆ."

ಪಾಕ್ ಚಿಕ್ ಈ ಋತುವಿನಲ್ಲಿ ನದಿಗಿಳಿದಿಲ್ಲ. ಮೇಲಿನ ಗೆರೆ ಖಾಲಿಯಿದೆ.