ಮಳೆಗಾಲದಲ್ಲಿ ಆನೆ ನೋಡಲು ಬಂದವರು

ಕಾಕನಕೋಟೆಯ ಕಡೆ ಆನೆ ನೋಡುವುದಿದ್ದರೆ ಬೇಸಗೆಯಲ್ಲಿ ಹೋಗಬೇಕು. ಕಾಡೊಳಗಿನ ಕೆರೆಕಟ್ಟೆ ಬತ್ತಿ, ಹಿಂಡು ಹಿಂಡಾಗಿ ಆನೆಗಳು ಹಿನ್ನೀರಿಗೆ ಇಳಿಯುವುದು ಆಗಲೇ. ನಮ್ಮ ಕಡೆ ದನ ಕಾಯುವವರಿಗೂ ಇದು ಗೊತ್ತು. ಹಾಗಿರುವಾಗ ಆಗಸ್ಟಿನ ಕೊನೆಯಲ್ಲಿ, ಜಿಟಿಜಿಟಿ ಮಳೆಯಲ್ಲಿ, ಊರೂರಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಒಲೆ ಹೊತ್ತಿಕೊಂಡ ಹೊತ್ತಿಗೆ ಸರಿಯಾಗಿ ಆರು ಜನ ಫಾರಿನ್ನಿನವರು ಆನೆ ನೋಡಲು ಬರುತ್ತಾರೆ ಎಂದರೆ ನಾನು ಹೇಗೆ ನಂಬಲಿ?

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನ ಗೈಡೊಬ್ಬ ಕಂಪಲಾಪುರದ ಹೋಟೆಲಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದ. ಎರಡು ದಿನದ ಪ್ರವಾಸವಂತೆ. ಮೊದಲ ದಿನ ಕಾಡು, ಮರುದಿನ ರೈತರ ಮನೆಯಲ್ಲಿ ಊಟ, ಹೆಂಗಸರ ಹಾಡು, ಹೊಲದಲ್ಲಿ ಓಡಾಟ. ಸೌದೆಯಿಂದ ಹಿಡಿದು ಎತ್ತಿನವರೆಗೆ ಸುತ್ತಮುತ್ತ ಏನೇ ಕೈ ಬದಲಾದರೂ ನಡುವೆ ನಾನಿರುತ್ತಿದ್ದುದರಿಂದ ಯಾರನ್ನು ಕೇಳಿದರೂ ನನ್ನ ಕಡೆಗೇ ಕೈ ತೋರಿಸಿದ್ದರು. ಊಟಕ್ಕೆ ನಾನು ಒಪ್ಪಿದೆ. ಆದರೆ ಒಂದು ಷರತ್ತು ಹಾಕಿದೆ: ಕಾಡಿಗೂ ನಾನು ಜೊತೆಗೆ ಬರುತ್ತೇನೆ. ಹೊಸ ಪಾರ್ಟಿಯ ಜೊತೆ ವ್ಯವಹಾರ ಮಾಡುವವರಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ. ನಿಮ್ಮ ಮನೆ ಹೊಸ್ತಿಲು ದಾಟುವ ಮೊದಲು ಅವರನ್ನು ಬೇರೆ ಎಲ್ಲಾದರೂ ಒಂದು ಸಲ ನೋಡಿಕೊಳ್ಳಿ.

ಅಂತರಸಂತೆ ದಾಟುವ ಮೊದಲೇ ನನ್ನ ಅನುಮಾನಕ್ಕೆ ಕಾಲು ಬಂತು. ಆರು ಜನರಲ್ಲಿ ಎಪ್ಪತ್ತರ ಹತ್ತಿರದ ಮುದುಕನೊಬ್ಬನಿದ್ದ. ಉದ್ದನೆಯ ಆಳು, ದೊಡ್ಡ ಕೈ. ಉಳಿದವರು ವ್ಯಾನಿನ ಕಿಟಕಿಯಿಂದ ಕೋತಿ ನೋಡಿ ನಗುತ್ತಿದ್ದರೆ ಇವನು ಮಾತ್ರ ರಸ್ತೆ ಪಕ್ಕದ ಸೊಪ್ಪಿನ ಹೊಲಗಳನ್ನೇ ನೋಡುತ್ತಿದ್ದ. ಒಂದು ಕಡೆ ವ್ಯಾನು ನಿಲ್ಲಿಸಿ, ಮಳೆಯಲ್ಲೇ ಇಳಿದು, ಗಿಡದ ಬುಡದ ಎಲೆಯೊಂದನ್ನು ಮುರಿದ. ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದ, ಮೂಸಿದ. ಕೈಗೆ ಅಂಟಿದ ಜಿಗುಟನ್ನು ಕರವಸ್ತ್ರಕ್ಕೆ ಒರೆಸಲಿಲ್ಲ, ನಮ್ಮವರ ಹಾಗೆ ಒದ್ದೆ ಮಣ್ಣಿನಲ್ಲಿ ತಿಕ್ಕಿಕೊಂಡ. ಬೆರಳು ಹಾಗೆ ಆಡಬೇಕಾದರೆ ಹತ್ತು ವರ್ಷವಾದರೂ ಸೊಪ್ಪಿನ ಜೊತೆ ಬಾಳಿರಬೇಕು.

"ಏನಪ್ಪಾ, ಆ ಯಜಮಾನ್ರು ಯಾವ ಕಂಪ್ನಿ?" ಗೈಡನ್ನು ಕೇಳಿದೆ.

"ಯಾವ ಕಂಪನೀನೂ ಇಲ್ಲ ಅಣ್ಣ. ಪಕ್ಷಿ ನೋಡೋಕೆ ಬಂದಿದ್ದಾರೆ."

"ಪಕ್ಸಿ ನೋಡೋರು ಸೊಪ್ಪ್ಯಾಕೆ ಮೂಸ್ತಾರೆ?"

ಅವನು ನಕ್ಕು ಮುಂದಿನ ಸೀಟಿಗೆ ಹೋದ. ಹಿನ್ನೀರಿನ ಹತ್ತಿರ ಅಂದು ಕಂಡದ್ದು ನಾಲ್ಕು ನೀರುಕಾಗೆ, ಒಂದಷ್ಟು ಜಿಂಕೆ, ಬಹಳ ದೂರದಲ್ಲಿ ಬೆನ್ನು ಮಾತ್ರ ತೋರಿಸಿದ ಒಂಟಿ ಆನೆ. ಎಲ್ಲರ ದುರ್ಬೀನೂ ಆ ಬೆನ್ನಿನ ಮೇಲೆ. ಮುದುಕ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಉಂಡೆ ಕಟ್ಟುತ್ತಿದ್ದ. ನನಗೆ ಖಾತ್ರಿಯಾಯಿತು. ಇವನು ಸೊಪ್ಪು ಕೊಳ್ಳುವ ಕಂಪನಿಯವನು. ಹರಾಜು ಶುರುವಾಗುವ ಮೊದಲೇ ಈ ವರ್ಷದ ಸೊಪ್ಪಿನ ಗುಣ ತಿಳಿದುಕೊಂಡು ಹೋಗಲು ಪ್ರವಾಸಿ ವೇಷದಲ್ಲಿ ಬಂದಿದ್ದಾನೆ.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿತ್ತು. ಇನ್ನೊಬ್ಬರ ಸೊಪ್ಪನ್ನು ಕಡ್ಡಿಗೆ ಪೋಣಿಸುವ ಕೂಲಿಯಿಂದ ಶುರುಮಾಡಿದವನು ನಾನು. ಆಮೇಲೆ ಹತ್ತಾರು ವರ್ಷ ದಲ್ಲಾಳಿ. ಸಾಲ ಮಾಡಿ ಸ್ವಂತ ಬ್ಯಾರನ್ನು ಎಬ್ಬಿಸಿದ್ದು ಅದೇ ವರ್ಷ. ನೋಡದವರಿಗೆ ಹೇಳುತ್ತೇನೆ: ಬ್ಯಾರನ್ನೆಂದರೆ ಎರಡಾಳು ಎತ್ತರದ ಕೋಣೆ. ಒಳಗೆ ಸೊಪ್ಪಿನ ಕಡ್ಡಿಗಳನ್ನು ಸಾಲು ಸಾಲಾಗಿ ತೂಗುಹಾಕಿ, ಹೊರಗಿನ ಒಲೆಯಿಂದ ಕೊಳವೆಗಳಲ್ಲಿ ಕಾವು ಕೊಟ್ಟು ಐದಾರು ದಿನ ಬೇಯಿಸುತ್ತೇವೆ. ಮೊದಲು ಸೊಪ್ಪು ಹಳದಿಯಾಗಬೇಕು. ಆದ ತಕ್ಷಣ ಮೇಲಿನ ಕಿಂಡಿ ತೆರೆದು ಬೆವರನ್ನು ಹೊರಗೆ ಬಿಡಬೇಕು. ಮುಂಚೆ ತೆರೆದರೆ ಹಸಿರು ಹಾಗೇ ಉಳಿಯುತ್ತದೆ, ತಡವಾದರೆ ಸೊಪ್ಪು ತನ್ನ ಬೆವರಿನಲ್ಲೇ ಬೆಂದು ಕಂದಾಗುತ್ತದೆ. ಆಗ ಒಲೆಯ ಮೇಲಿದ್ದದ್ದು ಗಿಡದ ನಡುವಿನ ಎಲೆ, ಆ ವರ್ಷದ ಅತ್ಯುತ್ತಮ ಸೊಪ್ಪು. ಅದೊಂದು ಚೆನ್ನಾಗಿ ಬಂದರೆ ಬ್ಯಾರನ್ನು ನಮ್ಮದಾಗಿಯೇ ಉಳಿಯುತ್ತದೆ ಎಂದು ನಾನೂ ಹೆಂಡತಿಯೂ ಕಾದಿದ್ದೆವು.

ಸಂಜೆ ಮನೆಗೆ ಬಂದವನೇ ಹಿಂದಿನ ಸಲ ಬೇಯಿಸಿಟ್ಟಿದ್ದ ಸೊಪ್ಪಿನಲ್ಲಿ ನಾಲ್ಕು ಒಳ್ಳೆಯ ಕಟ್ಟು ಆರಿಸಿ ಜಗುಲಿಯ ಮೂಲೆಯಲ್ಲಿ ಇಟ್ಟೆ. ಮಾರುವವನು ಮಾಲನ್ನು ತೋರಿಸಬಾರದು, ಅದು ತಾನಾಗಿ ಕಣ್ಣಿಗೆ ಬೀಳಬೇಕು.

"ಉಣ್ಣಾಕೆ ಬರೋರ್ಗೆ ಸೊಪ್ಪ್ಯಾಕೆ ತೋರ್ಸೀರಿ?" ಎಂದಳು ಹೆಂಡತಿ.

"ಬರೋದು ಉಣ್ಣಾಕಲ್ಲ. ನೀ ಸುಮ್ನೆ ನೋಡ್ತಿರು."

ಮರುದಿನ ಹನ್ನೊಂದಕ್ಕೆ ಬಂದರು. ಮುದ್ದೆ, ಹುರುಳಿ ಸಾರು, ನಾಟಿ ಕೋಳಿ. ಅವರಲ್ಲೊಬ್ಬ ಹೆಂಗಸು ಮುದ್ದೆಯನ್ನು ಅಗಿಯತೊಡಗಿದಾಗ ನನ್ನವಳು ಎದುರು ಕೂತು, "ಅಗೀಬ್ಯಾಡಿ ಕಣವ್ವ, ಹಲ್ಗೆ ಕೆಲ್ಸ ಕೊಡ್ಬ್ಯಾಡಿ, ನುಂಗ್ಬುಡಿ" ಎಂದು ತಾನೇ ನುಂಗಿ ತೋರಿಸಿದಳು. ಭಾಷೆ ತಿಳಿಯದೆಯೂ ಇಬ್ಬರೂ ಬಿದ್ದು ಬಿದ್ದು ನಕ್ಕರು. ಊಟವಾದ ಮೇಲೆ ಪಕ್ಕದ ಮನೆಯ ಹೆಂಗಸರು ಬಂದು ಸೋಬಾನೆ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಎಣಿಸಿ ನೋಡಿದೆ, ಐದೇ ಜನ.

ಮುದುಕ ಹಿತ್ತಿಲಲ್ಲಿದ್ದ. ಬ್ಯಾರನ್ನಿನ ಗೋಡೆಯಲ್ಲಿರುವ ಗಾಜಿನ ಕಿಟಕಿಗೆ ಹಣೆ ಒತ್ತಿ ಒಳಗೆ ಇಣುಕುತ್ತಿದ್ದ. ನಾನು ಹೋದ ಸಪ್ಪಳಕ್ಕೆ ತಿರುಗಿ, ಮೇಲಿನ ಕಿಂಡಿಗೆ ಬೆರಳು ತೋರಿಸಿ, ಎರಡೂ ಅಂಗೈಗಳನ್ನು ಬಾಗಿಲಿನಂತೆ ತೆರೆದು ಏನೋ ಹೇಳಿದ. ಹಿಂದೆಯೇ ಬಂದ ಗೈಡು ಕನ್ನಡಕ್ಕೆ ತಂದ.

"ಸೊಪ್ಪು ಹಳದಿಯಾಗಿದೆಯಂತೆ ಅಣ್ಣ. ಮೇಲಿನ ಕಿಂಡಿ ಈಗಲೇ ತೆಗೀಬೇಕಂತೆ. ಇಲ್ಲಾಂದ್ರೆ ಕೆಟ್ಟುಹೋಗುತ್ತೆ ಅಂತಾರೆ."

ಕೆಟ್ಟುಹೋಗುತ್ತದೆ. ಆ ಮಾತು ಕೇಳಿದ್ದೇ ತಡ, ನನ್ನ ಮೈಯೆಲ್ಲ ಕಿವಿಯಾಯಿತು. ಹತ್ತಾರು ವರ್ಷ ನಾನು ಅನ್ನ ತಿಂದದ್ದೇ ಆ ಮಾತಿನಿಂದ. ರೈತನ ಜಗುಲಿಗೆ ಕಾಲಿಟ್ಟ ಕೂಡಲೇ ಮಾಲು ಮುಟ್ಟಿ ಮುಖ ಸಿಂಡರಿಸಿ, "ಕೆಟ್ಟೋಯ್ತಾ ಅದೆ ಕಣಣ್ಣ, ಇವತ್ತೇ ಕೊಟ್ಬುಡು" ಎನ್ನುವುದು ದಲ್ಲಾಳಿಯ ಮೊದಲ ಪಾಠ. ಅವನ ಎದೆ ಒಮ್ಮೆ ಧಸಕ್ಕೆಂದರೆ ಸಾಕು, ಬೆಲೆ ತಾನಾಗಿ ಇಳಿಯುತ್ತದೆ. ಅದನ್ನು ಈಗ ಸಮುದ್ರದ ಆಚೆಯಿಂದ ಬಂದವನು ನನ್ನ ಮೇಲೆಯೇ ಆಡುತ್ತಿದ್ದ.

ನಾನೂ ಇಣುಕಿದೆ. ಗಾಜಿನ ಒಳಮೈಯೆಲ್ಲ ನೀರಿನ ಹನಿ, ಅದರಾಚೆ ಮಬ್ಬು. ಬೆಳಗ್ಗೆ ನೋಡಿದಾಗ ಇನ್ನೂ ಹಸಿರಿತ್ತು. ನನ್ನ ಅಂದಾಜಿನಲ್ಲಿ ಸಂಜೆಯವರೆಗೆ ಹೊತ್ತಿತ್ತು. ಬಾಗಿಲು ತೆರೆದು ಒಂದು ಎಲೆ ಮುಟ್ಟಿ ನೋಡಬಹುದಿತ್ತು. ಆದರೆ ತೆರೆದರೆ ಅವನ ಮಾತಿಗೆ ಹೆದರಿದೆ ಎಂದಾಗುತ್ತದಲ್ಲ.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಗೋಡೆಯ ಹತ್ತಿರ ಉಸಿರೆಳೆದುಕೊಂಡಳು. "ಬೆಳಗ್ಗಿನ್ ವಾಸ್ನೆ ಅಲ್ಲ ಕಣ್ರೀ ಇದು. ಆ ಯಜಮಾನ್ರು ಏಳ್ತಿರೋದು ಸರಿಯಾಗೇ ಅದೆ. ತೆಗೀರಿ."

"ಸುಮ್ಕಿರು. ಅವ್ನು ತೆಗಿ ಅಂದಾಗ ತೆಗುದ್ರೆ ಬೆಲೆ ಕಟ್ಟೋನೂ ಅವ್ನೇ ಆಯ್ತಾನೆ."

"ಯಾರ್ ಬೆಲೆ ಕೇಳವ್ರೆ ಈಗ?"

ನಾನು ಮುದುಕನನ್ನು ಜಗುಲಿಗೆ ಕರೆತಂದೆ. ಕಟ್ಟುಗಳು ಅವನ ಕಣ್ಣಿಗೆ ಬಿದ್ದವು. ಒಂದೆಲೆ ಬಿಡಿಸಿ ಬೆಳಕಿಗೆ ಹಿಡಿದು, ತಲೆದೂಗಿ, ಜೋಪಾನವಾಗಿ ಮೊದಲಿದ್ದ ಹಾಗೇ ಮಡಿಸಿಟ್ಟ. ಆಮೇಲೆ ಮತ್ತೆ ಹಿತ್ತಿಲ ಕಡೆ ಕೈ ತೋರಿಸಿದ. ಹೊರಗಿರುವುದನ್ನು ಹೊಗಳಿ ಒಳಗಿರುವುದನ್ನು ತೆಗಳುವುದು ಪಳಗಿದ ಗಿರಾಕಿಯ ಗುರುತು.

"ಅಣ್ಣ, ಅವರು ಅವರ ಊರಲ್ಲಿ ಮೂವತ್ತು ವರ್ಷ ಇದೇ ಬೆಳೆ ಬೆಳೆದವರಂತೆ. ಈಗ ಬಿಟ್ಟಿದ್ದಾರಂತೆ" ಎಂದ ಗೈಡು.

"ಎಲ್ರೂ ಅಂಗೇ ಏಳಾದು."

ಅವರು ಹೊರಡುವುದು ಐದಕ್ಕೆ. ಮೂರರ ಹೊತ್ತಿಗೆ ಉಳಿದವರು ರಾಗಿ ಹೊಲ ಸುತ್ತಲು ಹೋದರು. ಮುದುಕ ಹೋಗಲಿಲ್ಲ. ಹಿತ್ತಿಲಿನ ಕಲ್ಲುಬೆಂಚಿನ ಮೇಲೆ ಬ್ಯಾರನ್ನಿಗೆ ಮುಖ ಮಾಡಿ ಕೂತ. ಅವನು ಬೆಲೆ ಹೇಳಲು ಕಾಯುತ್ತಿದ್ದಾನೆ ಎಂದುಕೊಂಡು ನಾನೂ ಎದುರಿಗೆ ಕೂತೆ. ಚೌಕಾಸಿಯಲ್ಲಿ ಯಾರು ಮೊದಲು ಬಾಯಿ ಬಿಡುತ್ತಾರೋ ಅವರು ಸೋತರು. ಎರಡು ಗಂಟೆ ನಾವಿಬ್ಬರೂ ಹಾಗೆ ಕೂತಿದ್ದೆವು. ಅವನು ಆಗಾಗ ಕಿಂಡಿಯನ್ನು ನೋಡುತ್ತಿದ್ದ, ನನ್ನನ್ನು ನೋಡುತ್ತಿದ್ದ. ನಾನು ಬೀಡಿ ಸೇದುತ್ತ ಆಕಾಶ ನೋಡುತ್ತಿದ್ದೆ. ಹೆಂಡತಿ ಎರಡು ಸಲ ಹಿತ್ತಿಲ ಬಾಗಿಲಿಗೆ ಬಂದು ನನ್ನ ಮುಖ ನೋಡಿ ಒಳಗೆ ಹೋದಳು. ಬ್ಯಾರನ್ನಿನೊಳಗೆ ನಮ್ಮ ಸೊಪ್ಪು ಬೆವರುತ್ತಿತ್ತು.

ಐದಕ್ಕೆ ವ್ಯಾನು ಹಾರ್ನ್ ಮಾಡಿತು. ಮುದುಕ ಎದ್ದು, ಹಸುವಿನ ಮೈ ತಟ್ಟುವ ಹಾಗೆ ಬ್ಯಾರನ್ನಿನ ಗೋಡೆಯನ್ನು ಒಮ್ಮೆ ತಟ್ಟಿ ಹೊರಟುಹೋದ. ಬೆಲೆ ಕೇಳಲಿಲ್ಲ. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ವಾಪಸು ಬರುತ್ತಾನೆಂದೇ ಕಾದೆ. ಆಮೇಲೆ ಹಗ್ಗ ಎಳೆದು ಕಿಂಡಿ ತೆರೆದೆ. ಬಂದ ಹಬೆಗೆ ಹುಳಿ ವಾಸನೆಯಿತ್ತು. ಹೆಂಡತಿ ಬಂದು ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ತಾನೇ ಗೂಟಕ್ಕೆ ಕಟ್ಟಿದಳು.

ಮೂರು ದಿನದ ಮೇಲೆ ಬಾಗಿಲು ತೆಗೆದಾಗ, ಹಲಸಿನ ತೊಳೆಯ ಬಣ್ಣಕ್ಕೆ ಬರಬೇಕಾದ ಸೊಪ್ಪು ಒದ್ದೆ ಗೋಣಿಯ ಬಣ್ಣಕ್ಕೆ ಬಂದಿತ್ತು. ಕೆಳಗಿನ ಎರಡು ಸಾಲು ಮಾತ್ರ ಹೇಗೋ ಉಳಿದಿದ್ದವು. ಬ್ಯಾರನ್ನು ಕೈ ತಪ್ಪಲಿಲ್ಲ, ಆದರೆ ಅಂದಿನಿಂದ ಕಿಂಡಿಯ ಹಗ್ಗ ಹೆಂಡತಿಯ ಕೈಯಲ್ಲಿದೆ. ನಾನು ಒಲೆಗೆ ಸೌದೆ ಹಾಕುತ್ತೇನೆ, ಅಷ್ಟೆ.

ಅನುಮಾನ ಪಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅನುಮಾನವಿಲ್ಲದಿದ್ದರೆ ನಾನು ಇನ್ನೂ ಕಡ್ಡಿಗೆ ಸೊಪ್ಪು ಪೋಣಿಸುತ್ತಲೇ ಇರುತ್ತಿದ್ದೆ. ಆದರೆ ಎದುರಿನ ಮನುಷ್ಯನನ್ನು ಅಳೆಯುವ ಮೊದಲು ಮಾಲನ್ನು ಒಂದು ಸಲ ಮುಟ್ಟಿ ನೋಡಿ. ಅವನು ಕಳ್ಳನೋ ಸಾಚಾನೋ ಆಮೇಲೆ ತಿಳಿದರೂ ನಡೆಯುತ್ತದೆ.

ಆ ಸೊಪ್ಪನ್ನು ಪಿರಿಯಾಪಟ್ಟಣದಲ್ಲಿ ಹರಾಜಿಗೆ ಹಾಕಿದ ದಿನ, ನನ್ನ ಹಳೆಯ ಪರಿಚಯದ ಕೊಳ್ಳುವವನೊಬ್ಬ ಸಾಲಿನಲ್ಲಿ ನೋಡುತ್ತ ಬಂದ. ಎಲೆಗೆ ಕೈ ಹಾಕಿ ಇನ್ನೇನು ಬಾಯಿ ತೆರೆಯಬೇಕು, ನಾನೇ ಹೇಳಿಬಿಟ್ಟೆ: "ಕೆಟ್ಟೋಗ್ಬುಟ್ಟದೆ ಕಣಣ್ಣ. ನೀ ಏಳ್ಬ್ಯಾಡ."

ಅವನ ಕೈ ನಿಂತಿತು. ನನ್ನ ಮುಖ ನೋಡಿದ, ಸೊಪ್ಪು ನೋಡಿದ.

"ನೀನೇ ಏಳ್ತಿದ್ದೀಯಲ್ಲ, ಏನ್ ಮಡಗಿದ್ದೀಯ ಒಳಗೆ?"

"ಏನೂ ಇಲ್ಲ. ಬೆವರಿಗೆ ಸಿಕ್ಕಿ ಕೆಟ್ಟದೆ."

ಅವನು ನಂಬಲಿಲ್ಲ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಕಟ್ಟು ಬಿಚ್ಚಿ, ಒಂದೊಂದೇ ಎಲೆ ತಿರುವಿ ಮೂಸತೊಡಗಿದ.